ಮೂರ್ಛೆಯ ಮಾತ್ರೆ, ತಾಯಿಗೆ ತಲುಪದ ಚೀಟಿ

ಫಿಟ್ಸ್ ಬಂದವರ ಕೈಗೆ ಬೀಗದ ಕೈಗೊಂಚಲು ತುರುಕುವವರು ನಮ್ಮಲ್ಲಿ ಇವತ್ತಿಗೂ ಇದ್ದಾರೆ. ಕಬ್ಬಿಣ ಹಿಡಿದರೆ ಫಿಟ್ಸ್ ನಿಲ್ಲುವುದಿಲ್ಲ, ಅದಕ್ಕೆ ಮಾತ್ರೆಯೇ ಬೇಕು. ಸರಿ, ಆದರೆ ಮಾತ್ರೆ ನುಂಗುವವಳು ಬಸುರಿಯಾದರೆ? ಈ ಪ್ರಶ್ನೆಗೆ ಉತ್ತರ ಹುಡುಕಿದವರ ಕಥೆ ಸ್ವಲ್ಪ ಉದ್ದ, ಸ್ವಲ್ಪ ಬೇಸರದ್ದೂ ಹೌದು.

ವ್ಯಾಲ್ಪ್ರೊಯಿಕ್ ಆಮ್ಲವನ್ನು ಬೆವರ್ಲಿ ಬರ್ಟನ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞ ತಯಾರಿಸಿದ್ದು 1882ರಲ್ಲಿ. ಮುಂದಿನ ಎಂಬತ್ತು ವರ್ಷ ಅದು ಬರೀ ದ್ರಾವಕ, ಅಂದರೆ ಬೇರೆ ವಸ್ತುಗಳನ್ನು ಕರಗಿಸಲು ಬಳಸುವ ದ್ರವ. 1960ರ ದಶಕದ ಆರಂಭದಲ್ಲಿ ಫ್ರಾನ್ಸಿನಲ್ಲಿ ಪಿಯರ್ ಎಮಾರ್ ಮತ್ತು ಜೊತೆಗಾರರು ಕೆಲವು ಹೊಸ ರಾಸಾಯನಿಕಗಳನ್ನು ಇದರಲ್ಲಿ ಕರಗಿಸಿ ಪ್ರಾಣಿಗಳ ಮೇಲೆ ಪರೀಕ್ಷಿಸುತ್ತಿದ್ದರು. ಏನು ಕರಗಿಸಿದರೂ ಫಿಟ್ಸ್ ತಡೆಯುತ್ತಿತ್ತು! ಕೊನೆಗೆ ಗೊತ್ತಾಯಿತು, ಕೆಲಸ ಮಾಡುತ್ತಿದ್ದದ್ದು ದ್ರಾವಕವೇ ಅಂತ. 1967ರಲ್ಲಿ ಅದು ಫ್ರಾನ್ಸಿನ ಔಷಧಿ ಅಂಗಡಿಗೆ ಬಂತು. ಲಕ್ಷಾಂತರ ಜನರಿಗೆ ನೆಮ್ಮದಿ ಕೊಟ್ಟ ಮಾತ್ರೆ ಅದು, ಇದನ್ನು ಮರೆಯಬಾರದು.

ಅದರ ಮರುವರ್ಷವೇ, 1968ರಲ್ಲಿ, ಬ್ರಿಟನ್ನಿನ ಮಕ್ಕಳ ವೈದ್ಯ ರಾಯ್ ಮೆಡೋ 'ದಿ ಲ್ಯಾನ್ಸೆಟ್' ಪತ್ರಿಕೆಗೆ ಒಂದು ಪುಟ್ಟ ಪತ್ರ ಬರೆದರು. ಫಿಟ್ಸ್ ಮಾತ್ರೆ ತೆಗೆದುಕೊಳ್ಳುತ್ತಿದ್ದ ತಾಯಂದಿರಿಗೆ ಸೀಳುತುಟಿಯ ಮಕ್ಕಳು ಹುಟ್ಟಿದ್ದಾರೆ, ನೀವೂ ಇಂಥದ್ದನ್ನು ನೋಡಿದ್ದೀರಾ ಅಂತ. ಅವರು ಹೇಳಿದ್ದು ಆ ಕಾಲದ ಹಳೆಯ ಮಾತ್ರೆಗಳ ಬಗ್ಗೆ. ವ್ಯಾಲ್ಪ್ರೊಯೇಟ್ ಸರದಿ ಬಂದದ್ದು 1982ರಲ್ಲಿ. ಲಿಯಾನ್ ನಗರದ ಎಲಿಸಬೆತ್ ರೋಬೆರ್, ಅದಕ್ಕೂ ಸ್ಪೈನಾ ಬೈಫಿಡಾ ಎಂಬ ಬೆನ್ನುಹುರಿಯ ದೋಷಕ್ಕೂ ಇರುವ ನಂಟನ್ನು ತೋರಿಸಿದರು. ಭ್ರೂಣದ ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುವುದು ಮೊದಲ ನಾಲ್ಕು ವಾರಗಳಲ್ಲಿ. ಎಷ್ಟೋ ಹೆಂಗಸರಿಗೆ ತಾವು ಬಸುರಿ ಅನ್ನುವುದೇ ಆಗ ಗೊತ್ತಿರುವುದಿಲ್ಲ.

ಇನ್ನೊಂದು ಹಾನಿ ಹುಟ್ಟಿದಾಗ ಕಾಣುವಂಥದ್ದಲ್ಲ, ಮಗು ಮಾತು ಕಲಿಯುವಾಗ, ಶಾಲೆಗೆ ಹೋಗುವಾಗ ಕಾಣುವಂಥದ್ದು. ಕಿಮ್‌ಫರ್ಡ್ ಮೀಡರ್ ತಂಡ 2009ರಲ್ಲಿ ಮೂರು ವರ್ಷದ ಮಕ್ಕಳನ್ನು ಪರೀಕ್ಷಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ಗರ್ಭದಲ್ಲಿ ವ್ಯಾಲ್ಪ್ರೊಯೇಟ್ ಸೋಕಿದ ಮಕ್ಕಳ ಐಕ್ಯೂ, ಲ್ಯಾಮೊಟ್ರಿಜಿನ್ ಸೋಕಿದವರಿಗಿಂತ ಸುಮಾರು 9 ಅಂಕ ಕಡಿಮೆ ಇತ್ತು. ಇವತ್ತಿನ ಲೆಕ್ಕದಲ್ಲಿ ವ್ಯಾಲ್ಪ್ರೊಯೇಟ್‌ನಿಂದ ನೂರಕ್ಕೆ ಸುಮಾರು 10 ಮಕ್ಕಳಿಗೆ ದೊಡ್ಡ ಅಂಗದೋಷ, 30ರಿಂದ 40 ಮಕ್ಕಳಿಗೆ ಬೆಳವಣಿಗೆಯ ತೊಂದರೆ ಆಗಬಹುದು.

ಹಾಗಾದರೆ ಇಷ್ಟು ಕಾಲ ಯಾರಿಗೂ ಸುಳಿವೇ ಇರಲಿಲ್ಲವೇ? ಇತ್ತು. ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ 1973ರಲ್ಲೇ ಫಿಟ್ಸ್ ಮಾತ್ರೆಗಳ ಈ ಅಪಾಯವನ್ನು ಚರ್ಚಿಸಿತ್ತು. ವೈದ್ಯರಿಗೆ ತಿಳಿಸೋಣ, ಪೊಟ್ಟಣದೊಳಗಿನ ಚೀಟಿಯಲ್ಲಿ ಬೇಡ, ರೋಗಿಗಳು ಓದಿ ಸುಮ್ಮನೆ ಗಾಬರಿಯಾದಾರು ಅನ್ನುವುದು ಆಗಿನ ನಿಲುವು. ಆ ಕಾಗದಗಳು ಬೆಳಕಿಗೆ ಬಂದದ್ದು ದಶಕಗಳ ನಂತರ. ಫ್ರಾನ್ಸಿನಲ್ಲಿ ಮರೀನ್ ಮಾರ್ಟಿನ್ ಎಂಬ ತಾಯಿ 2011ರಲ್ಲಿ ಸಂಘ ಕಟ್ಟಿ ಹೋರಾಡಿದರು. ಯುರೋಪಿನಲ್ಲಿ ಕಟ್ಟುನಿಟ್ಟಿನ ನಿಯಮ ಬಂದದ್ದು 2018ರಲ್ಲಿ. 2020ರಲ್ಲಿ ಬ್ರಿಟನ್ನಿನ ಕಂಬರ್ಲೆಜ್ ವರದಿ, ಹೆಂಗಸರ ಮಾತಿಗೆ ಯಾರೂ ಕಿವಿಗೊಡಲಿಲ್ಲ ಅಂತ ನೇರವಾಗಿಯೇ ಹೇಳಿತು.

ನಮ್ಮ ದೇಶದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ 1998ರಿಂದ ಮೂರ್ಛೆರೋಗವಿರುವ ಗರ್ಭಿಣಿಯರ ದಾಖಲೆ ಇಡುತ್ತಾ ಬಂದಿದೆ. ಇಂಥ ದಾಖಲೆಗಳಿಂದಲೇ ಯಾವ ಮಾತ್ರೆ, ಎಷ್ಟು ಪ್ರಮಾಣ, ಎಷ್ಟು ಅಪಾಯ ಅನ್ನುವುದು ತಿಳಿಯುವುದು.

ಇದನ್ನು ಓದಿ ಯಾರೂ ಮಾತ್ರೆಯನ್ನು ತಾವಾಗಿ ನಿಲ್ಲಿಸಬೇಡಿ. ಥಟ್ಟನೆ ಬಿಟ್ಟರೆ ಬರುವ ಫಿಟ್ಸ್ ತಾಯಿಯ ಜೀವಕ್ಕೇ ಸಂಚಕಾರ, ಮಗುವಿಗೂ ಆಮ್ಲಜನಕ ತಪ್ಪಬಹುದು. ಲ್ಯಾಮೊಟ್ರಿಜಿನ್, ಲೆವೆಟಿರಾಸೆಟಮ್‌ನಂಥ ಕಡಿಮೆ ಅಪಾಯದ ಮಾತ್ರೆಗಳಿವೆ, ಫೋಲಿಕ್ ಆಮ್ಲವೂ ಇದೆ. ಆದರೆ ಈ ಬದಲಾವಣೆ ಬಸುರಾಗುವ ಮೊದಲೇ, ವೈದ್ಯರ ಜೊತೆ ಕೂತು ಆಗಬೇಕು. ಮೂರ್ಛೆರೋಗವಿರುವ ಬಹುಪಾಲು ತಾಯಂದಿರು ಆರೋಗ್ಯವಂತ ಮಕ್ಕಳನ್ನೇ ಹೆರುತ್ತಾರೆ.

ಗಾಬರಿಯಾದಾರು ಅಂತ ಮುಚ್ಚಿಟ್ಟವರು ಕೆಟ್ಟವರೇ ಆಗಿರಬೇಕಿಲ್ಲ. ಆದರೆ ಗಾಬರಿಪಡುವ ಹಕ್ಕೂ ಆ ತಾಯಿಯದೇ ತಾನೆ? ಮನೆಯಲ್ಲಿ ಮದುವೆ ಗೊತ್ತಾದ ಹುಡುಗಿ ಇಂಥ ಮಾತ್ರೆ ನುಂಗುತ್ತಿದ್ದರೆ, ಅದನ್ನು ಬೀಗರಿಂದ ಮುಚ್ಚಿಡುವ ಗಡಿಬಿಡಿಯಲ್ಲಿ ವೈದ್ಯರನ್ನು ಕೇಳುವುದನ್ನು ಮರೆಯಬೇಡಿ.