ಕಲ್ಲು ಮತ್ತು ಗಾರೆಯ ನಡುವಿನ ಗೆರೆ: ಸಂಪರ್ಕ ಲೆಕ್ಕಾಚಾರದ ಒಂದು ಚರಿತ್ರೆ

ಎಡದಂಡೆ ಕಾಲುವೆಯ ಮೂಲಕ ಸಿಂಧನೂರಿನ ಗದ್ದೆಗಳಿಗೆ ನೀರು ಕೊಡುವ ತುಂಗಭದ್ರಾ ಅಣೆಕಟ್ಟೆ ಒಂದೇ ವಸ್ತುವಿನದಲ್ಲ. 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ನೀರು ನಿಂತ ಈ ಕಟ್ಟೆಯ ಮುಖ್ಯ ಗೋಡೆ ಕಲ್ಲಿನದು. ಆ ಕಲ್ಲುಗಳನ್ನು ಹಿಡಿದಿರುವುದು ಸುಟ್ಟ ಮಣ್ಣಿನ ಪುಡಿ ಬೆರೆಸಿದ ಸುಣ್ಣ, ಅಂದರೆ ಸುರ್ಕಿ ಗಾರೆ. ಕೆಳಗೆ ಬಂಡೆ, ಪಕ್ಕದಲ್ಲಿ ಮಣ್ಣಿನ ಏರಿ. ಇಂಥದ್ದನ್ನು ಸಣ್ಣ ಸಣ್ಣ ತುಂಡುಗಳಾಗಿ (ಎಲಿಮೆಂಟುಗಳಾಗಿ) ಒಡೆದು ಲೆಕ್ಕಹಾಕುವ ಫೈನೈಟ್ ಎಲಿಮೆಂಟ್ ಮಾದರಿಗೆ ಇಳಿಸಲು ಕೂತವರನ್ನು ಕಲ್ಲು, ಗಾರೆ ಅಷ್ಟಾಗಿ ಕಾಡುವುದಿಲ್ಲ. ಕಾಡುವುದು ಅವೆರಡು ಕೂಡುವ ಗೆರೆ.

ಹೀಗೆ ಎರಡು ವಸ್ತುಗಳು ಕೂಡುವ ಸಂಪರ್ಕ ಸಮಸ್ಯೆಯ ಚರಿತ್ರೆಯನ್ನು 1882ರ ಹೈನ್‌ರಿಶ್ ಹರ್ಟ್ಸ್‌ನಿಂದ ಶುರುಮಾಡುವುದು ವಾಡಿಕೆ. ನುಣುಪು ಗೋಳಗಳ ಆ ಗಣಿತ ಬೇರಿಂಗಿಗೆ ಸಾಕು, ಕಟ್ಟೆಗೆ ಸಾಲದು. ಕಟ್ಟೆಯ ಲೆಕ್ಕದ ವಂಶಾವಳಿ ಅಮೆರಿಕದ ಬರ್ಕಲಿ ವಿಶ್ವವಿದ್ಯಾಲಯದ್ದು ಎಂಬುದು ನನ್ನ ಅಭಿಪ್ರಾಯ. 1960ರಲ್ಲಿ ಫೈನೈಟ್ ಎಲಿಮೆಂಟ್ ವಿಧಾನಕ್ಕೆ ಆ ಹೆಸರಿಟ್ಟ ಅಲ್ಲಿನ ರೇ ಕ್ಲಫ್, ಎಡ್ವರ್ಡ್ ವಿಲ್ಸನ್ ಜೊತೆ ಸೇರಿ 1962ರಲ್ಲಿ ಲೆಕ್ಕಕ್ಕೆ ತೆಗೆದುಕೊಂಡದ್ದು ಅಮೆರಿಕದ ನಾರ್ಫೋರ್ಕ್ ಅಣೆಕಟ್ಟೆಯನ್ನು. ಅದು ಉದ್ದಕ್ಕೆ ಬಿರುಕುಬಿಟ್ಟಿತ್ತು. 1968ರಲ್ಲಿ ಗುಡ್‌ಮನ್, ಟೇಲರ್, ಬ್ರೆಕ್ಕೆ ಬಂಡೆಯ ಸೀಳಿಗೆಂದೇ ದಪ್ಪವಿಲ್ಲದ ಎಲಿಮೆಂಟೊಂದನ್ನು ರೂಪಿಸಿದರು.

ಬಂಡೆಯ ಸೀಳು ಸಿಂಧನೂರಿನ ನೆರೆಯ ಲಿಂಗಸುಗೂರು ಸೀಮೆಗೆ ಹೊಸದೇನಲ್ಲ. ಹಟ್ಟಿಯ ಚಿನ್ನದ ಗಣಿಯಲ್ಲಿ ಹಿಂದಿನವರು ಬೆಂಕಿಯಿಟ್ಟು ಬಂಡೆ ಸೀಳಿಸುತ್ತ ಸುಮಾರು 640 ಅಡಿ ಆಳಕ್ಕೆ ಇಳಿದಿದ್ದರು.

1968ರ ಎಲಿಮೆಂಟು ಎರಡು ಸಂಖ್ಯೆ ಕೇಳುತ್ತದೆ: ಒತ್ತಿದಾಗ ಸೀಳು ಎಷ್ಟು ಬಿಗಿ, ಜಾರಿಸಿದಾಗ ಎಷ್ಟು ಬಿಗಿ. ಗಾರೆಯ ತುಂಡನ್ನಷ್ಟೇ ಒತ್ತಿ ನೋಡಿದರೆ ಇವು ಸಿಗುವುದಿಲ್ಲ. ಕೂಡಿದ ಗೆರೆಯನ್ನೇ ಪರೀಕ್ಷಿಸಬೇಕು. ಅಷ್ಟು ತಾಳ್ಮೆಯಿಲ್ಲದವರು ದೊಡ್ಡದೊಂದು ಸಂಖ್ಯೆ ತುಂಬಿ ಮುಂದೆ ಹೋಗುತ್ತಾರೆ. ಲೆಕ್ಕ ಕೂಡಿಬರುವುದಿಲ್ಲವೆಂಬ ಇಂದಿನ ಅರ್ಧ ತಕರಾರು ಅಲ್ಲಿಂದಲೇ ಹುಟ್ಟುತ್ತದೆ. ಸಂಖ್ಯೆ ಚಿಕ್ಕದಾದರೆ ಮಾದರಿಯಲ್ಲಿ ಒಂದು ಕಲ್ಲು ಇನ್ನೊಂದರೊಳಕ್ಕೆ ಇಳಿಯುತ್ತದೆ. ತೀರಾ ದೊಡ್ಡದಾದರೆ ಸಮೀಕರಣ ಹದಗೆಟ್ಟು ಉತ್ತರ ನಿಲ್ಲುವುದೇ ಇಲ್ಲ.

ಕಟ್ಟೆಯ ನೀರಿನ ಬದಿಯ ಬುಡವನ್ನೇ ನೋಡಿ. ಲೆಕ್ಕದ ಒಂದು ಸುತ್ತಿನಲ್ಲಿ ಅಲ್ಲಿನ ನೋಡ್ (ಎಲಿಮೆಂಟುಗಳು ಕೂಡುವ ಬಿಂದು) ಬಾಯಿ ಬಿಡುತ್ತದೆ, ಭಾರ ಪಕ್ಕದ ನೋಡ್ ಮೇಲೆ ಬೀಳುತ್ತದೆ. ಮುಂದಿನ ಸುತ್ತಿನಲ್ಲಿ ಬಿಟ್ಟ ಬಾಯಿ ಮುಚ್ಚಿ ಪಕ್ಕದ್ದು ತೆರೆಯುತ್ತದೆ. ಬಾಗಿಲು ಬಡಿದಾಡಿದ ಹಾಗೆ ಲೆಕ್ಕ ಅಲ್ಲೇ ಸುತ್ತುತ್ತದೆ. ಆಗ ಸಾಫ್ಟ್‌ವೇರನ್ನು ಬೈಯುವ ಮುನ್ನ ಎಲಿಮೆಂಟುಗಳ ಬಲೆ (ಮೆಶ್) ಬರೆದಾಗಲೇ ಕೂದಲೆಳೆಯಷ್ಟು ಸಂದು ಉಳಿದಿದೆಯೇ, ಯಾವುದಾದರೂ ಕಲ್ಲು ಆಧಾರವಿಲ್ಲದೆ ತೇಲುತ್ತಿದೆಯೇ ಎಂದು ನೋಡಬೇಕು. ಘರ್ಷಣೆಯನ್ನು ತೆಗೆದಿಟ್ಟು ಒಮ್ಮೆ ಓಡಿಸಬೇಕು. ಸ್ವಂತ ಭಾರ ಮೊದಲು, ನೀರು ಆಮೇಲೆ, ಅದೂ ಸಣ್ಣ ಸಣ್ಣ ಹಂತಗಳಲ್ಲಿ. ನಿಜವಾದ ಕಟ್ಟೆಯ ಮೇಲೆ ಭಾರ ಬಿದ್ದದ್ದೂ ಅದೇ ಕ್ರಮದಲ್ಲಿ.

1984ರಲ್ಲಿ ಚಂದ್ರಕಾಂತ ದೇಸಾಯಿ ಮತ್ತು ಸಂಗಡಿಗರು ಈ ಗೆರೆಗೆ ದಪ್ಪ ಕೊಟ್ಟರು: ಪಕ್ಕದ ಎಲಿಮೆಂಟಿನ ಅಗಲದ ನೂರನೇ ಒಂದರಿಂದ ಹತ್ತನೇ ಒಂದು ಪಾಲಿನಷ್ಟು ತೆಳು ಪದರ. ಲೆಕ್ಕದ ದೃಷ್ಟಿಯಿಂದ ಇದು ಸಣ್ಣ ಬದಲಾವಣೆ. ಸುರ್ಕಿ ಕಟ್ಟಡದ ಮಟ್ಟಿಗೆ ನನಗೆ ಇದೇ ಹೆಚ್ಚು ಒಪ್ಪುವ ದಾರಿ. ಜಿನುಗು ನೀರಿಗೆ ಸುಣ್ಣ ತೊಳೆದುಹೋದ ಗಾರೆಗೆ ಒಂದು ಗುಣ, ಗಟ್ಟಿಯಾಗಿ ಉಳಿದ ಗಾರೆಗೆ ಇನ್ನೊಂದು ಗುಣ ಎಂದು ಆ ಪದರದಲ್ಲಿ ಬೇರೆಬೇರೆಯಾಗಿ ಬರೆಯಬಹುದು.