ಹೈ-ಗೇನ್ ಗಿಟಾರಿನ ಚರಚರ: ಸ್ಪೀಕರ್ ಸದ್ದಿಲ್ಲದೆ ಮಾಡುತ್ತಿದ್ದ ಕೆಲಸ

ಎಲೆಕ್ಟ್ರಿಕ್ ಗಿಟಾರಿನ ಗೇನ್ ಏರಿಸಿದಷ್ಟೂ ನಾದಕ್ಕೆ ಮೈ ತುಂಬುತ್ತದೆ. ಅದರ ಜೊತೆಗೇ, ಕಾದ ಎಣ್ಣೆಗೆ ನೀರು ಬಿದ್ದಂಥ ಚರಚರವೂ ಏಳುತ್ತದೆ. ಗಿಟಾರ್ ನುಡಿಸುವವರು ಅದನ್ನು ಫಿಜ್ ಎನ್ನುತ್ತಾರೆ. ಆಂಪ್ಲಿಫೈಯರ್ ತನ್ನ ಮಿತಿ ಮೀರಿದಾಗ ಧ್ವನಿತರಂಗದ ತುದಿ ಕತ್ತರಿಸಿಹೋಗುತ್ತದೆ; ಇದೇ ಕ್ಲಿಪ್ಪಿಂಗ್. ಕತ್ತರಿ ಹರಿತವಾದಷ್ಟೂ ಮೂಲಸ್ವರದ ಮೇಲೆ ಹಾರ್ಮೋನಿಕ್‌ಗಳ ಸಾಲು ಉದ್ದವಾಗುತ್ತದೆ; ಅದರ ಮೇಲ್ತುದಿಯೇ ಚರಚರವಾಗಿ ಕೇಳುತ್ತದೆ.

1962ರಲ್ಲಿ ಮಾಯೆಸ್ಟ್ರೊ ಫಝ್-ಟೋನ್ ಪೆಡಲ್ ಬಂತು. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ ಸ್ಪೀಕರಿನ ಕೋನನ್ನೇ ಸೀಳಿ ಒರಟು ನಾದ ಪಡೆದರು. ಆಗ ಎಲ್ಲರಿಗೂ ಬೇಕಿದ್ದದ್ದು ಆ ಒರಟುತನವೇ. ಚರಚರ ಅಷ್ಟಾಗಿ ಕಾಡದಿರಲು ಒಂದು ಕಾರಣವಿತ್ತು: ಗಿಟಾರಿಗೆ ಬಳಸುವ 12 ಅಂಗುಲದ ಸ್ಪೀಕರ್ ಸುಮಾರು 5,000 ಹರ್ಟ್ಜ್ ದಾಟಿದ ಮೇಲೆ ಬೇಗನೆ ಸೊರಗುತ್ತದೆ. ಯಾರೂ ಕೇಳಿಕೊಳ್ಳದೆಯೇ ಅದು ಜರಡಿಯಾಗಿ ನಿಂತಿತ್ತು. ಈ ಕ್ಷೇತ್ರದ ಮುಂದಿನ ಚರಿತ್ರೆಯ ಬಹುಪಾಲು ಆ ಜರಡಿಯನ್ನು ಕಳೆದುಕೊಂಡು ಮತ್ತೆ ಕಟ್ಟಿಕೊಂಡ ಕಥೆ ಎಂದೇ ನನ್ನ ನಂಬಿಕೆ.

ಸ್ಟುಡಿಯೋದಲ್ಲಿ ಪರಿಹಾರ ಮೈಕಿನ ಜಾಗದಲ್ಲೇ ಸಿಕ್ಕಿತು. 1965ರ ಶೂರ್ ಎಸ್‌ಎಂ57 ಮೈಕನ್ನು ಕೋನಿನ ನಡುವಿಗೆ ಇಟ್ಟರೆ ನಾದ ಚುಚ್ಚುತ್ತದೆ. ಅಂಚಿನ ಕಡೆಗೆ ಒಂದೆರಡು ಅಂಗುಲ ಸರಿಸಿದರೆ ತಣಿಯುತ್ತದೆ. ಸ್ವೀಡನ್ನಿನ ಫ್ರೆಡ್ರಿಕ್ ನಾರ್ಡ್‌ಸ್ಟ್ರಾಮ್ ಹೆಸರಿನೊಂದಿಗೆ ಬೆಸೆದುಕೊಂಡ ಪದ್ಧತಿಯಲ್ಲಿ ಒಂದು ಮೈಕ್ ನೇರಕ್ಕೆ, ಇನ್ನೊಂದು ಓರೆಯಾಗಿ ನಿಲ್ಲುತ್ತದೆ. ಆಂಪ್‌ಗೆ ಮುಂಚೆಯೇ ಕೆಲಸ ಮಾಡಿದ್ದು ಐಬನೇಜ್ ಟ್ಯೂಬ್ ಸ್ಕ್ರೀಮರ್ ಪೆಡಲ್. ಸುಮಾರು 720 ಹರ್ಟ್ಜ್‌ಗಿಂತ ಕೆಳಗಿನ ಸ್ವರಗಳಿಗೆ ಅದು ಕಡಿಮೆ ಗೇನ್ ಕೊಡುತ್ತದೆ, ಕ್ಲಿಪ್ಪಿಂಗ್ ಆದ ಮೇಲೆ ಮೇಲಿನದನ್ನೂ ಇಳಿಸುತ್ತದೆ. ಮೆಟಲ್ ವಾದಕರು ಇಂದಿಗೂ ಅದನ್ನು ಡಿಸ್ಟಾರ್ಷನ್‌ಗಿಂತ ಹೆಚ್ಚಾಗಿ ಈ ಶುದ್ಧಿಗಾಗಿಯೇ ಇಟ್ಟುಕೊಳ್ಳುತ್ತಾರೆ.

ಹಾಗೆಂದು ಎಲ್ಲ ಗರಗಸದ ಸದ್ದೂ ದೋಷವಲ್ಲ. ಬಾಸ್ ಎಚ್‌ಎಂ-2 ಪೆಡಲಿನ ಗುಂಡಿಗಳನ್ನೆಲ್ಲ ಪೂರ್ತಿ ತಿರುಗಿಸಿ ಎಂಟೂಂಬ್ಡ್ ತಂಡ 1990ರಲ್ಲಿ ಕಟ್ಟಿದ ನಾದ ಸ್ವೀಡನ್ನಿನ ಡೆತ್ ಮೆಟಲ್‌ಗೆ ಗುರುತಾಯಿತು.

ಸ್ಪೀಕರನ್ನೇ ಬಿಟ್ಟು ನುಡಿಸಲು ಹೊರಟಾಗ ಸಮಸ್ಯೆ ಬಯಲಾಯಿತು. 1982ರಲ್ಲಿ ಟಾಮ್ ಶೋಲ್ಜ್ ಹೆಡ್‌ಫೋನಿಗೆಂದು ತಂದ ರಾಕ್‌ಮನ್ ತನ್ನೊಳಗೇ ಸ್ಪೀಕರಿನ ಅನುಕರಣೆಯ ಫಿಲ್ಟರ್ ಹೊತ್ತಿತ್ತು. 1998ರ ಲೈನ್ 6 ಪಾಡ್ ಈ ಕೆಲಸವನ್ನು ಡಿಜಿಟಲ್ ಮಾಡಿತು. ಈಗ ಮನೆಯಲ್ಲಿ ರೆಕಾರ್ಡ್ ಮಾಡುವವರು ಕ್ಯಾಬಿನೆಟ್ಟಿನ ಇಂಪಲ್ಸ್ ರೆಸ್ಪಾನ್ಸ್ ಹಾಕುತ್ತಾರೆ. ಅದರಲ್ಲಿ ಸ್ಪೀಕರಿನ ಜೊತೆ ಮೈಕಿನ ಜಾಗವೂ ಅಚ್ಚಾಗಿರುವುದರಿಂದ, ಕರ್ಕಶ ಕಂಡರೆ ಇಕ್ವಲೈಸರಿಗೆ ಕೈಹಾಕುವ ಮುಂಚೆ ಇನ್ನೊಂದು ರೆಸ್ಪಾನ್ಸ್ ಪ್ರಯತ್ನಿಸುವುದೇ ಲೇಸು.

ಡಿಜಿಟಲ್ ತಂತ್ರ ತನ್ನದೇ ಹೊಸ ಚರಚರವನ್ನೂ ತಂದಿತು. ಸೆಕೆಂಡಿಗೆ 44,100 ಮಾದರಿ ತೆಗೆದುಕೊಳ್ಳುವ ವ್ಯವಸ್ಥೆಗೆ 22,050 ಹರ್ಟ್ಜ್ ಮಿತಿ. ಕ್ಲಿಪ್ಪಿಂಗ್‌ನಿಂದ 30,000 ಹರ್ಟ್ಜ್‌ನ ಹಾರ್ಮೋನಿಕ್ ಹುಟ್ಟಿದರೆ ಅದು ಮಡಚಿಕೊಂಡು 14,100ಕ್ಕೆ ಬಂದು ಕೂರುತ್ತದೆ, ನುಡಿಸಿದ ಸ್ವರಕ್ಕೆ ಸಾಮಾನ್ಯವಾಗಿ ಹೊಂದುವುದಿಲ್ಲ. ಕೆಲವು ಇನ್ನೂ ಕೆಳಗಿಳಿದು ಸಂಗೀತದ ನಡುವೆಯೇ ಸೇರುವುದರಿಂದ ಅವನ್ನು ಆಮೇಲೆ ಸೋಸಿ ತೆಗೆಯಲಾಗದು. ಅದಕ್ಕೇ ತಂತ್ರಾಂಶಗಳು ಮಾದರಿ ದರವನ್ನು ನಾಲ್ಕು, ಎಂಟು ಪಟ್ಟು ಏರಿಸಿ ಕ್ಲಿಪ್ ಮಾಡಿ, ಸೋಸಿ, ಮತ್ತೆ ಇಳಿಸುತ್ತವೆ. 2016ರಲ್ಲಿ ಜೂಲಿಯನ್ ಪಾರ್ಕರ್ ಮತ್ತು ಸಂಗಡಿಗರು ಇದೇ ತೊಂದರೆಗೆ ಗಣಿತದ ಇನ್ನೊಂದು ದಾರಿ ತೋರಿದರು.

ಇತ್ತೀಚಿನ ಡೈನಾಮಿಕ್ ಇಕ್ವಲೈಸರ್ ಕಿರಿಚುವ ಕಿರಿದಾದ ಪಟ್ಟಿಯನ್ನು, ಅದು ತಲೆ ಎತ್ತಿದಾಗ ಮಾತ್ರ, ತಗ್ಗಿಸುತ್ತದೆ. ಆದರೂ ಗಿಟಾರನ್ನು ಒಂಟಿಯಾಗಿ ಕೇಳುತ್ತಾ ನುಣುಪಾಗಿಸಿದರೆ, ಡ್ರಮ್ಸ್ ಮತ್ತು ಬೇಸ್ ಸೇರಿದೊಡನೆ ಅದು ಮಂಕಾಗುತ್ತದೆ. ಅದನ್ನು ತಿದ್ದಬೇಕಾದ್ದು ಇಡೀ ವಾದ್ಯಮೇಳ ನುಡಿಯುತ್ತಿರುವಾಗ, ಅದೂ ಗೇನನ್ನು ತುಸು ಇಳಿಸಿ ನೋಡಿದ ಮೇಲೆ.