ಗಡಿಯಾರ ನಿಂತಿತು, ಹಂಚು ಉಳಿಯಿತು

ನಮ್ಮ ಕೋಸಗಿಯ ಸರ್ಕಾರಿ ಪಾಲಿಟೆಕ್ನಿಕ್ 2024ರಲ್ಲಿ ಎಂಜಿನಿಯರಿಂಗ್ ಕಾಲೇಜಾಯಿತು. ಯಾವ ಕೋರ್ಸ್ ಸೇರಿದರೆ ಕೆಲಸ ಸಿಕ್ಕೀತು ಎಂಬುದೇ ಈಗ ನಮ್ಮ ಮನೆಗಳ ಮಾತು.

ಮಂಗಳೂರಿನ ಸಭೆಯೂ ಹಿಂದೆ ಇದೇ ಚಿಂತೆಯಲ್ಲಿತ್ತು. 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಷನ್‌ನವರು, ಕ್ರೈಸ್ತರಾದ ಕಾರಣಕ್ಕೆ ಕುಲಕಸುಬು ಕಳೆದುಕೊಂಡವರಿಗೆ ಹೊಸ ಕೆಲಸ ಕಲಿಸಹೊರಟರು. ಗಡಿಯಾರ ತಯಾರಿಕೆಯನ್ನೂ ಕಲಿಸಿ ನೋಡಿದರು. ಅದು ಹೊಟ್ಟೆ ತುಂಬಿಸದೆ ನಿಂತುಹೋಯಿತು. 1851ರಲ್ಲಿ ಆರಂಭವಾದ ನೇಯ್ಗೆ ಕಾರ್ಖಾನೆ ಮಾತ್ರ ಕೈಹಿಡಿಯಿತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಅವರು ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿಯ ಜೇಡಿಮಣ್ಣು ಪಕ್ಕದಲ್ಲೇ ಇತ್ತು. ಕರಾವಳಿಯ ಮಳೆಗೆ ಗಟ್ಟಿ ಮಾಡು ಎಲ್ಲರಿಗೂ ಬೇಕಿತ್ತು. ಮಂಗಳೂರು ಹಂಚು ದೇಶವೆಲ್ಲ ಹೆಸರಾಯಿತು.

ಕಲಿಸುವ ಮನಸ್ಸು ಗಡಿಯಾರಕ್ಕೂ ಹಂಚಿಗೂ ಒಂದೇ ಇತ್ತು. ಕೊಳ್ಳುವವರ ಅಗತ್ಯ ಒಂದೇ ಇರಲಿಲ್ಲ. ಆದ್ದರಿಂದ ಅರ್ಜಿ ತುಂಬುವ ಮೊದಲು ನಾವೂ ಕೇಳಿಕೊಳ್ಳೋಣ: ನಾನು ಕಲಿಯುವ ಈ ಕೆಲಸ ಯಾರಿಗೆ ಬೇಕು?